ಕತ್ತರಿ ಮೇಷ್ಟ್ರ ಕಾಗದಗಳು

ನೀನೂ ಒಂದು ಪ್ರಶ್ನೆ ಬರೆದು ಆ ತಟ್ಟೆಯಲ್ಲಿಡು, ಊರಿಗೆಲ್ಲ ಉತ್ತರ ಬರೆಯುವವನು ನಿನಗೆ ಬರೆಯದೆ ಇರುತ್ತೇನೆಯೇ ಎಂದು ಅಣ್ಣ ತಂಗಿಗೆ ಮಾತು ಕೊಟ್ಟದ್ದು ಇಬ್ಬರ ತಲೆಯೂ ಕಪ್ಪಗಿದ್ದ ಕಾಲದಲ್ಲಿ. ನಾನು ಆ ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಅಣ್ಣ ತೀರಿಕೊಂಡಿದ್ದರು, ತಂಗಿಯ ತಲೆ ಬೆಳ್ಳಗಾಗಿತ್ತು, ಉತ್ತರ ಮಾತ್ರ ಇನ್ನೂ ಕೈಗೆ ಸಿಕ್ಕಿರಲಿಲ್ಲ.

ನಾನು ಗ್ರಂಥಾಲಯದ ಹಳೆಯ ಕಾಗದಗಳ ವಿಭಾಗದವಳು. ಹೆಸರಿದ್ದವರು ಯಾರಾದರೂ ಹೋದರೆ ಅವರ ಪತ್ರಗಳು ನಮ್ಮ ಪಾಲಿಗೆ ಬರುತ್ತವೆ. ಧೂಳು ಕೊಡವಿ, ತುಕ್ಕು ಹಿಡಿದ ಪಿನ್ನು ಕಿತ್ತು, ಹಾಳೆಗೊಂದು ಸಂಖ್ಯೆ ಕೊಟ್ಟು, ಯಾರು ಯಾರಿಗೆ ಬರೆದದ್ದು, ಏನು ವಿಷಯ ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಈ ಸಲ ಹೋದವರು ತತ್ವಶಾಸ್ತ್ರದ ಮೇಷ್ಟ್ರು. ಪುಸ್ತಕ ಓದುವವರಿಗೆ ಅವರು ದೊಡ್ಡ ಹೆಸರು, ಬೀದಿಯವರಿಗೆ ಕತ್ತರಿ ಮೇಷ್ಟ್ರು. ಉಯಿಲು ಸಣ್ಣದು: ಪತ್ರಗಳೆಲ್ಲ ನಮ್ಮ ಗ್ರಂಥಾಲಯಕ್ಕೆ, ಮನೆ ಮಾರಿ ಬಂದದ್ದು ತಂಗಿಗೂ ತೀರಿಹೋದ ತಮ್ಮನ ಮಗನಿಗೂ ಸಮಪಾಲು. ಆ ಮಗ ವಕೀಲ. ಉಯಿಲು ನಡೆಸಿಕೊಡುವ ಜವಾಬ್ದಾರಿಯೂ ಅವರದೇ.

ಮೊದಲ ದಿನವೇ ವಕೀಲರು ನನ್ನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು ತಮ್ಮ ಗೋಳು ಹೇಳಿಕೊಂಡರು. ಮನೆ ಕೊಳ್ಳುವವರು ಸಿದ್ಧರಿದ್ದಾರೆ. ಅತ್ತೆಗೆ ಗೆಳತಿಯ ಪಕ್ಕದಲ್ಲೇ ಒಂದು ಫ್ಲ್ಯಾಟು ನೋಡಿಯಾಗಿದೆ. ಲಿಫ್ಟಿದೆ, ಬಿಸಿಲು ಬರುತ್ತದೆ, ಅತ್ತೆಗೂ ಅದು ಬಹಳ ಮೆಚ್ಚಿಗೆಯಾಗಿದೆ. ಆದರೂ ಸಹಿ ಹಾಕುತ್ತಿಲ್ಲ. ದೊಡ್ಡಪ್ಪ ಅತ್ತೆಗೆ ಏನೋ ಉತ್ತರ ಬರೆದು ಮನೆಯಲ್ಲೆಲ್ಲೋ ಇಟ್ಟಿದ್ದಾರಂತೆ. ಅದು ಸಿಗುವ ತನಕ ಒಂದು ಕುರ್ಚಿಯನ್ನೂ ಕದಲಿಸಬಾರದಂತೆ. ಇಷ್ಟು ಹೇಳುವಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು. ಕುಳ್ಳು ಜೀವ, ಮೂಗಿನ ತುದಿಯಲ್ಲಿ ಕನ್ನಡಕ.

"ಗೋಡೆ ಒಡೆಸಿ ನೋಡೋಣ್ವಾ ಅತ್ತೆ?" ಎಂದರು ವಕೀಲರು.

"ಒಡೆಸೋಣ ಪುಟ್ಟ. ಟೊಳ್ಳಾಗಿರೋ ಜಾಗದಿಂದ ಶುರು ಮಾಡೋದಾದ್ರೆ ನಿನ್ನ ತಲೆ ಇದೆ."

ಕಿವಿಯ ಮೇಲೆ ನರೆ ಬಂದಿದ್ದ ಪುಟ್ಟ ನಕ್ಕು, ನನ್ನ ಕಡೆ ನೋಡಿ, ಇನ್ನು ನಿಮ್ಮ ಕೈಲಿದೆ ಎನ್ನುವಂತೆ ಕೈ ಅಲ್ಲಾಡಿಸಿ ಹೋದರು. ಆ ಮನೆಯಲ್ಲಿ ನಾನೂ ಅವರನ್ನು ಅತ್ತೆ ಎಂದೇ ಕರೆದೆ. ಬೇರೆ ಏನು ಕರೆದರೂ ಅವರು ತಿರುಗಿ ನೋಡುತ್ತಿರಲಿಲ್ಲ.

ಕತ್ತರಿ ಮೇಷ್ಟ್ರು ಎಂಬ ಹೆಸರು ಯಾಕೆ ಬಂತೆಂದು ಮೊದಲ ಪೆಟ್ಟಿಗೆ ತೆರೆದಾಗಲೇ ತಿಳಿಯಿತು. ಪ್ರತಿ ಕಾಗದದಲ್ಲೂ ಒಂದೊಂದು ಕಿಟಕಿ. ಮೇಷ್ಟ್ರಿಗೆ ಎಲ್ಲೆಲ್ಲಿಂದಲೋ ಜನ ಪ್ರಶ್ನೆ ಬರೆದು ಕಳಿಸುತ್ತಿದ್ದರು. ಮೇಷ್ಟ್ರು ಪತ್ರ ಓದಿ, ಅದರಲ್ಲಿ ನಿಜವಾದ ಪ್ರಶ್ನೆ ಇರುವಷ್ಟು ಭಾಗವನ್ನು ಮಾತ್ರ ಕತ್ತರಿಯಿಂದ ಚೌಕವಾಗಿ ಕತ್ತರಿಸಿ, ಬೇರೊಂದು ಹಾಳೆಯ ನೆತ್ತಿಗೆ ಅಂಟಿಸಿ, ಕೆಳಗೆ ಉತ್ತರ ಬರೆದು ಕಳಿಸಿಬಿಡುತ್ತಿದ್ದರು. ಉತ್ತರ ತಲುಪುವ ಹೊತ್ತಿಗೆ ಕೇಳಿದವನಿಗೆ ತನ್ನ ಪ್ರಶ್ನೆಯೇ ಮರೆತಿರುತ್ತದೆ, ಅದನ್ನು ಅವನ ಕೈಬರಹದಲ್ಲೇ ನೆನಪಿಸಬೇಕು ಎನ್ನುವುದು ಅವರ ವಾದ. ಉಳಿದ ಕಾಗದ ಮಾತ್ರ ಇವರ ಕಡತಕ್ಕೆ. ಹಾಗಾಗಿ ಆ ಮನೆಯ ಪೆಟ್ಟಿಗೆಗಳ ತುಂಬ ಇದ್ದದ್ದು ಪ್ರಶ್ನೆಯ ಹಿಂದಿನ ಪೀಠಿಕೆ, ಮುಂದಿನ ಕ್ಷಮಾಪಣೆ, ನಡುವೆ ಒಂದು ತೂತು. ಉತ್ತರಗಳ ನಕಲು ಒಂದೂ ಇಲ್ಲ.

ನಮ್ಮ ಕೆಲಸದಲ್ಲಿ ಹಾಳೆಯ ಬೆನ್ನನ್ನೂ ನೋಡಿ ಬರೆಯಬೇಕೆಂಬ ನಿಯಮವಿದೆ. ಬೆನ್ನು ಖಾಲಿ, ಬೆನ್ನು ಖಾಲಿ ಎಂದು ಬರೆದು ಬರೆದು ನನ್ನ ಬೆನ್ನು ಬಗ್ಗಿತು. ದಯವಿಟ್ಟು ಒಂದೇ ಮಗ್ಗುಲಲ್ಲಿ ಬರೆಯಿರಿ ಎಂದು ಮೇಷ್ಟ್ರು ಎಲ್ಲರಿಗೂ ಅಚ್ಚು ಹಾಕಿಸಿ ತಿಳಿಸಿದ್ದರು. ಎರಡೂ ಮಗ್ಗುಲು ಬರೆದರೆ ಕಿಟಕಿ ಕತ್ತರಿಸುವಾಗ ಹಿಂದಿನ ಮಾತೂ ಜೊತೆಗೇ ಹೋಗುತ್ತಿತ್ತಲ್ಲ.

ಅತ್ತೆ ಊಟದ ಮೇಜಿನ ಆ ಬದಿ ಕೂತು ನನ್ನ ಕೆಲಸ ನೋಡುತ್ತಿದ್ದರು. ಮೊದಮೊದಲು ಅದು ಕಾವಲು. ಆಮೇಲೆ ನಮಗಿಬ್ಬರಿಗೂ ಒಂದು ಆಟ ಹತ್ತಿತು. ನಾನು ಕಿಟಕಿಯ ಸುತ್ತಲಿನ ಮಾತು ಓದುವುದು, ಇಬ್ಬರೂ ಒಳಗಿದ್ದ ಪ್ರಶ್ನೆ ಊಹಿಸುವುದು. ಒಬ್ಬ ಬಸ್ ಚಾಲಕ ಬರೆದಿದ್ದ: ಹತ್ತಿದ ಕೂಡಲೆ ನಿದ್ದೆ ಹೋಗಿ ಇಳಿಯುವ ಊರಿನಲ್ಲಿ ಏಳುವವರನ್ನು ದಿನಾ ನೋಡುತ್ತೇನೆ ಸ್ವಾಮಿ, ಹೀಗಿರುವಾಗ... ತೂತು... ಟಿಕೆಟ್ಟಿನ ಮಾತು ಬೇರೆ. ಪ್ರಯಾಣ ಮಾಡಿದ್ದು ಅವರೋ ಅವರ ದೇಹವೋ ಎಂದು ಕೇಳಿರಬೇಕು ಎಂದೆ ನಾನು. ಅತ್ತೆ ಒಪ್ಪಲಿಲ್ಲ, ನಾನು ಓಡಿಸಿದ್ದು ಯಾರನ್ನು ಅಂತ ಕೇಳಿರ್ತಾನೆ, ಚಾಲಕನಿಗೆ ತನ್ನ ಚಿಂತೆ ಇರತ್ತೆ ಎಂದರು. ಅವರು ಹೇಳಿದ್ದೇ ಸರಿ ಎನ್ನಿಸಿತು. ಸಂಜೆ ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುವಾಗಲೂ ನನ್ನ ತಲೆಯಲ್ಲಿ ತೂತುಗಳೇ.

ತಮ್ಮ ಸ್ವಂತ ಪ್ರಶ್ನೆ ಏನೆಂದು ಮಾತ್ರ ಅತ್ತೆ ಬಾಯಿ ಬಿಡಲಿಲ್ಲ. ಸುತ್ತಿ ಬಳಸಿ ಕೇಳಿದೆ, ನೇರ ಕೇಳಿದೆ, ಚಹಾ ಮಾಡಿಕೊಟ್ಟು ಕೇಳಿದೆ. ಅದು ತತ್ವದ ಪ್ರಶ್ನೆಯಲ್ಲ, ಅವನೊಬ್ಬನಿಗೇ ಗೊತ್ತಿದ್ದ ವಿಷಯ, ಉತ್ತರ ಸಿಕ್ಕಿದ ದಿನ ನೀನೇ ಓದುವೆಯಂತೆ ಎಂದುಬಿಟ್ಟರು. ಉತ್ತರ ಇದೆ ಎಂಬ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಯಾಕೆಂದರೆ ಈ ಮನೆಯಲ್ಲಿ ಇನ್ನೊಂದು ನಿಯಮವಿತ್ತು: ಬಂದ ಕಾಗದವೆಲ್ಲ ಬಾಗಿಲ ಪಕ್ಕದ ಹಿತ್ತಾಳೆ ತಟ್ಟೆಗೆ, ಉತ್ತರ ಬರೆಯದೆ ತಟ್ಟೆಯಿಂದ ಒಂದು ಚೀಟಿಯೂ ಕಡತಕ್ಕೆ ಹೋಗುವುದಿಲ್ಲ. ಅತ್ತೆ ತಮ್ಮ ಪ್ರಶ್ನೆಯನ್ನು ತಟ್ಟೆಗೆ ಹಾಕಿದ್ದರು. ಕೆಲವು ವಾರದಲ್ಲಿ ಅದು ತಟ್ಟೆಯಿಂದ ಕಾಣೆಯಾಯಿತು. ಕಾದರು, ಉತ್ತರ ಬರಲಿಲ್ಲ. ಕೊನೆಗೆ ಕೇಳಿದರು.

"ಅಣ್ಣ ಏನಂದ ಗೊತ್ತಾ? ತಟ್ಟೇಲಿದೆಯಾ ನೋಡು ಅಂದ. ಇಲ್ಲ ಅಂದೆ. ತಟ್ಟೇಲಿ ಇಲ್ಲದೆ ಇರೋದಕ್ಕೆಲ್ಲ ಉತ್ತರ ಆಗಿದೆ, ನಿನ್ನದು ತಟ್ಟೇಲಿಲ್ಲ, ಆದ್ದರಿಂದ ನಿನ್ನದಕ್ಕೂ ಉತ್ತರ ಆಗಿದೆ, ಎಲ್ಲೋ ಇಟ್ಟಿರ್ತೀನಿ ಹುಡುಕು ಅಂದ."

"ನೀವು ಒಪ್ಪಿಕೊಂಡ್ರಾ?"

"ತರ್ಕ ಸರಿಯಾಗೇ ಇತ್ತಲ್ಲಮ್ಮ."

ಮತ್ತೆ ಕೇಳಿದಾಗಲೆಲ್ಲ ಅದೇ ತರ್ಕ. ಅತ್ತೆ ಹುಡುಕುತ್ತಲೇ ಬಂದರು. ಪುಸ್ತಕಗಳ ಒಳಗೆ, ಕಪಾಟಿನ ಕಾಗದದ ಅಡಿಯಲ್ಲಿ, ಕೋಟುಗಳ ಜೇಬಿನಲ್ಲಿ. ಅಣ್ಣನ ಕಡತದ ಪೆಟ್ಟಿಗೆಗಳನ್ನು ಮಾತ್ರ ಮುಟ್ಟಿರಲಿಲ್ಲ. ಅವು ಬೇರೆಯವರ ಗುಟ್ಟು, ಕೈ ಹಾಕಕೂಡದು ಎಂದು ಅವನು ಹೇಳಿದ್ದನಂತೆ. ಅಂಟು ಕಾಯಿಸಿ ಕೊಡುವುದು, ಅಂಚೆಗೆ ಹೋಗುವುದು, ಅಡಿಗೆ, ಬಟ್ಟೆ, ಬಂದವರಿಗೆ ಮೇಷ್ಟ್ರು ಯೋಚಿಸುತ್ತಿದ್ದಾರೆ ಎಂದು ಹೇಳಿ ಕಳಿಸುವುದು ಇವರ ಪಾಲಿನ ಕೆಲಸ. ತಂದೆಗೆ ಕಾಯಿಲೆ ಎಂದು ಕಾಲೇಜು ಬಿಟ್ಟು ಮನೆಗೆ ಬಂದವರು, ತಂದೆ ಹೋದ ಮೇಲೂ ಹಾಗೇ ಉಳಿದರು. ಗಣಿತ ಓದುತ್ತಿದ್ದರಂತೆ. ಅದನ್ನು ಬೇರೆ ಯಾರದೋ ಸಂಗತಿಯಂತೆ ಒಂದೇ ಸಲ ಹೇಳಿದರು.

ಸಿಕ್ಕಿದ್ದು ಕೊನೆಯ ಪೆಟ್ಟಿಗೆಗಳಲ್ಲೊಂದರಲ್ಲಿ. ಪಕ್ಕದ ಊರಿನ ಔಷಧಿ ಅಂಗಡಿಯವರೊಬ್ಬರು ಬರೆದ ಉದ್ದ ಕಾಗದ. ಮೊದಲ ಹಾಳೆಗಳಲ್ಲಿ ಕಿಟಕಿಯಿಲ್ಲ, ಕೊನೆಯ ಹಾಳೆಯಲ್ಲಿ ಇದೆ. ಮುಂದುಗಡೆ ಓದಿ, ಅಭ್ಯಾಸದಂತೆ ಬೆನ್ನು ಖಾಲಿ ಎಂದು ಬರೆಯುತ್ತಲೇ ತಿರುಗಿಸಿದೆ. ಬೆನ್ನು ಖಾಲಿ ಇರಲಿಲ್ಲ. ಮೇಲೆ ಅಣ್ಣನಿಗೆ ಎಂದಿತ್ತು. ಕೆಳಗೆ ಇಂತಿ ತಂಗಿ ಎಂದಿತ್ತು. ನಡುವೆ ತೂತು.

ಆ ಅಕ್ಷರ ನನಗೆ ಗೊತ್ತಿತ್ತು. ಅಡಿಗೆಮನೆಯ ಡಬ್ಬಿಗಳ ಮೇಲೆಲ್ಲ ಅದೇ ಅಕ್ಷರ. ಹಾಳೆಯನ್ನು ಅತ್ತೆಯ ಮುಂದಿಟ್ಟೆ. ಅವರು ತೂತಿನ ಅಂಚಿನ ಮೇಲೆ ಬೆರಳಾಡಿಸಿದರು. ಆಮೇಲೆ ಒಂದೊಂದಾಗಿ ನೆನಪು ಮಾಡಿಕೊಂಡರು. ಆಗ ಮನೆಯಲ್ಲಿ ಹೊಸ ಕಾಗದ ಅಣ್ಣನ ಉತ್ತರಗಳಿಗೇ ಸಾಲುತ್ತಿರಲಿಲ್ಲ. ಇವರು ರದ್ದಿ ಬುಟ್ಟಿಯಿಂದ ಒಂದು ಮಗ್ಗುಲು ಖಾಲಿ ಇದ್ದ ಹಾಳೆ ಎತ್ತಿಕೊಂಡು ಬರೆದಿದ್ದರು. ಅದು ಅಂಗಡಿಯವರ ಪತ್ರದಿಂದ ಪಿನ್ನು ಕಳಚಿ ಜಾರಿದ ಕೊನೆಯ ಹಾಳೆ ಎಂದು ಯಾರಿಗೆ ಗೊತ್ತಿತ್ತು? ಅದೇ ದಿನಗಳಲ್ಲಿ ಅಣ್ಣ ಒಂದು ಪತ್ರದ ಕೊನೆಯ ಹಾಳೆ ಕಾಣದೆ ಮನೆಯೆಲ್ಲ ಜಾಲಾಡಿದ್ದೂ ಅವರಿಗೆ ಈಗ ನೆನಪಾಯಿತು.

ಅಂದರೆ ನಡೆದದ್ದು ಇಷ್ಟು. ಮೇಷ್ಟ್ರು ತಟ್ಟೆಯಲ್ಲಿ ಆ ಹಾಳೆ ಕಂಡು, ಸಿಕ್ಕಿತಲ್ಲ ಎಂದು ಅಂಗಡಿಯವರ ಪ್ರಶ್ನೆಯನ್ನು ಕತ್ತರಿಸಿ ಅಂಟಿಸಿ ಕಳಿಸಿಬಿಟ್ಟರು. ಆ ತುಂಡಿನ ಬೆನ್ನಿನಲ್ಲಿ ತಂಗಿಯ ಪ್ರಶ್ನೆ ಅಂಟಿನಲ್ಲಿ ಮುಖ ಮುಚ್ಚಿಕೊಂಡು ಪಕ್ಕದ ಊರಿಗೆ ಹೋಯಿತು.

"ಪಾಪ, ಅವರು ತಿರುಗಿಸಿ ನೋಡೇ ಇಲ್ಲ," ಎಂದೆ. ಸಮಾಧಾನದ ಮಾತು ಎಂದುಕೊಂಡಿದ್ದೆ.

ಅತ್ತೆ ಹಾಳೆಯನ್ನು ಎತ್ತಿ ಕಿಟಕಿಯ ಮೂಲಕ ನನ್ನನ್ನೇ ನೋಡಿದರು. "ಅದೇ ನನಗೆ ಬೇಕಾಗಿರೋದು. ನೋಡದೆ ಅಂಟಿಸಿದನಾ, ನೋಡಿ ಅಂಟಿಸಿದನಾ? ನೋಡಿದ್ರೆ ಆ ಉತ್ತರದಲ್ಲೇ ಎಲ್ಲೋ ನನಗೂ ಒಂದು ಸಾಲು ಬರೆದಿರ್ತಾನೆ. ನಡಿ, ಹೋಗೋಣ."

ನಾನು ವಕೀಲರಿಗೆ ಫೋನು ಮಾಡಿದೆ. ಅವರು ಮೊದಲು ಸಹಿ ಆಗಲಿ, ಆಮೇಲೆ ಬೇಕಾದರೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದರು. ಅತ್ತೆ ಫೋನು ಕಸಿದುಕೊಂಡು, ನೀನು ಬಂದರೆ ದಾರಿಯುದ್ದಕ್ಕೂ ಸಹಿ ಸಹಿ ಅಂತೀಯ, ಬಸ್ಸಿನಲ್ಲಿ ಮಲಗಿಯಾದರೂ ಹೋಗಬಹುದು ಎಂದು ಇಟ್ಟುಬಿಟ್ಟರು.

ಅಂಗಡಿ ಇನ್ನೂ ಅಲ್ಲೇ ಇತ್ತು, ಅದೇ ಫಲಕದಡಿ. ಪತ್ರ ಬರೆದ ಹಿರಿಯರು ತೀರಿಕೊಂಡಿದ್ದರು. ಈಗ ಗಲ್ಲಾದಲ್ಲಿ ಕೂರುವವರು ಅವರ ಸೊಸೆ. ಬಂದ ಕಾರಣ ಹೇಳಲು ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗೋಡೆ ನೋಡುತ್ತ ನಿಂತುಬಿಟ್ಟಿದ್ದರು. ಕೆಮ್ಮಿನ ಔಷಧಿಯ ಕಪಾಟಿನ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ಮೇಷ್ಟ್ರ ಉತ್ತರ. ನೆತ್ತಿಯಲ್ಲಿ ಅಂಟಿಸಿದ ಹಳದಿ ತುಂಡು.

ಸೊಸೆ ಒಳ್ಳೆಯ ಮಾತುಗಾರ್ತಿ. ಮಾವನವರು ಅದನ್ನು ದಿನಾ ಒರೆಸುತ್ತಿದ್ದರೆಂದೂ, ಔಷಧಿಯಿಂದ ಪ್ರಯೋಜನವಿಲ್ಲ ಎಂದು ತಮಗೆ ಗೊತ್ತಿರುವಾಗ ರೋಗಿಯ ಮನೆಯವರಿಗೆ ಅದನ್ನು ಹೇಗೆ ಮಾರಲಿ ಎಂದು ಕೇಳಿದ್ದರೆಂದೂ, ಈ ಉತ್ತರ ಬಂದ ಮೇಲೆ ಅವರಿಗೆ ನಿದ್ದೆ ಬರತೊಡಗಿತೆಂದೂ ಹೇಳಿದರು. ಚೌಕಟ್ಟು ಇಳಿಸಿ ಗಲ್ಲಾದ ಮೇಲಿಟ್ಟರು. ಇಬ್ಬರು ಗಿರಾಕಿಗಳು ಬಂದು ಹೋದರು. ಅತ್ತೆ ಕನ್ನಡಕ ಏರಿಸಿಕೊಂಡು ಉತ್ತರವನ್ನು ಮೊದಲಿಂದ ಕೊನೆಯ ತನಕ ಓದಿದರು. ಒಳ್ಳೆಯ ಉತ್ತರವೇ. ಅದರಲ್ಲಿ ತಂಗಿಗೆಂದು ಒಂದು ಸಾಲೂ ಇರಲಿಲ್ಲ.

ಅತ್ತೆಯ ಬೆರಳು ಹಳದಿ ತುಂಡಿನ ಮೇಲೆ ನಿಂತಿತು. ಅಂಗಡಿಯವರ ಪ್ರಶ್ನೆಯ ಎಡ ಅಂಚಿನಲ್ಲಿ ಪ್ರತಿ ಸಾಲಿನ ಮೊದಲ ಅಕ್ಷರ ಅರ್ಧ ತುಂಡಾಗಿತ್ತು. ಹೋದ ಅರ್ಧವನ್ನು ಮೇಷ್ಟ್ರು ಅಂಟಿಸಿದ ಮೇಲೆ ತುಂಡಿನ ಪಕ್ಕಕ್ಕೆ ಉತ್ತರದ ಹಾಳೆಯ ಮೇಲೆ ತಮ್ಮ ಪೆನ್ನಿನಿಂದ ತಿದ್ದಿ ಪೂರ್ತಿ ಮಾಡಿದ್ದರು.

"ನಾವೆಲ್ಲ ಕತ್ತರಿ ಜಾರಿದೆ ಅಂದ್ಕೊಂಡಿದ್ವಿ," ಎಂದರು ಸೊಸೆ.

"ಅವನ ಕತ್ತರಿ ಜಾರಲ್ಲ," ಎಂದರು ಅತ್ತೆ.

ತುಂಡನ್ನು ಬಿಡಿಸಿ ನೋಡಬಹುದೇ ಎಂದು ನಾನು ಕೇಳಿದೆ. ಸೊಸೆ ಹಿಂದೆ ಮುಂದೆ ನೋಡಿದರು. ಮಾವನವರ ವಸ್ತು, ಹರಿದರೆ ಗಂಡ ಸುಮ್ಮನಿರುವುದಿಲ್ಲ. ಅತ್ತೆ, ಆ ಅಂಟು ನಾನೇ ಕಾಯಿಸಿದ್ದಮ್ಮ, ಅದು ನನ್ನ ಮಾತು ಕೇಳತ್ತೆ ಎಂದರು. ಸೊಸೆಗೂ ಈಗ ಕುತೂಹಲ ತಡೆಯಲಾಗಲಿಲ್ಲ. ಹತ್ತಿ ತಂದರು, ಬೆಚ್ಚಗಿನ ನೀರು ತಂದರು, ಬಾಗಿಲು ಅರ್ಧ ಎಳೆದು ಬಂದರು.

ಅತ್ತೆ ಹತ್ತಿಯನ್ನು ಒದ್ದೆ ಮಾಡಿ, ಹಿಂಡಿ, ಹಾಳೆಯ ಬೆನ್ನಿನಿಂದ ಒತ್ತಿದರು. ಬೇರೆ ಯಾವ ಅಕ್ಷರಕ್ಕೂ ನೀರು ತಾಗದಂತೆ ಸುತ್ತ ಒಣ ಹತ್ತಿಯ ಕಟ್ಟೆ ಕಟ್ಟಿದರು. ಕಾದರು. ಮೂಲೆ ತಾನಾಗಿ ಎದ್ದಿತು. ಅದನ್ನು ಉಗುರಿನಲ್ಲಿ ಹಿಡಿದು ಮೆಲ್ಲನೆ ಸುಲಿದು ಮಗುಚಿ ಹಾಕಿದರು.

ಅವರ ಅಕ್ಷರ ಸ್ವಲ್ಪ ಮಬ್ಬಾಗಿತ್ತು, ಆದರೂ ಸಲೀಸಾಗಿ ಓದಬಹುದಿತ್ತು: ಕಾಲೇಜು ಬಿಡಿಸಿ ನನ್ನನ್ನು ಮನೆಗೆ ಕರೆಸಬೇಕು ಎಂದದ್ದು ಅಪ್ಪನೋ ನೀನೋ? ಅಪ್ಪ ನಿನ್ನ ಹೆಸರು ಹೇಳಿದರು, ನೀನು ಅಪ್ಪನ ಹೆಸರು ಹೇಳಿದೆ. ಈಗ ಅಪ್ಪ ಇಲ್ಲ. ಸಿಟ್ಟಿಲ್ಲ, ಗೊತ್ತಾಗಬೇಕು ಅಷ್ಟೆ.

ನಾವು ಮೂವರೂ ಓದಿದೆವು. ನಾನು ಇಷ್ಟು ದಿನ ಊಹಿಸಿದ್ದ ಯಾವುದೂ ಇದರ ಹತ್ತಿರ ಬಂದಿರಲಿಲ್ಲ. ಆಮೇಲೆ ಅತ್ತೆ ತುಂಡಿನ ಅಂಚನ್ನು ತೋರಿಸಿದರು. ಈ ಮಗ್ಗುಲಲ್ಲಿ ಒಂದು ಅಕ್ಷರಕ್ಕೂ ಕತ್ತರಿ ತಾಗಿರಲಿಲ್ಲ. ಪ್ರಶ್ನೆಯ ನಾಲ್ಕೂ ಬದಿಗೆ ಒಂದೇ ಅಳತೆಯ ಖಾಲಿ ಅಂಚು, ರೂಲು ಹಿಡಿದು ಬಿಟ್ಟ ಹಾಗೆ. ನಾನು ದಿನಗಟ್ಟಲೆ ನೋಡಿದ ಅಷ್ಟೂ ಕಿಟಕಿಗಳನ್ನು ಮೇಷ್ಟ್ರು ಕತ್ತರಿಸಿದ್ದು ಹೀಗೆಯೇ. ಪಕ್ಕದ ಸಾಲಿನ ಒಂದು ಒತ್ತಕ್ಷರವನ್ನೂ ಅವರು ಘಾಸಿ ಮಾಡಿದವರಲ್ಲ.

ಅವರು ಕತ್ತರಿ ಹಾಕಿದ್ದು ತಂಗಿಯ ಮಗ್ಗುಲಿನಿಂದ. ಓದಿ, ಇದು ಪ್ರಶ್ನೆ ಎಂದು ಗುರುತಿಸಿ, ಅಂಚು ಬಿಟ್ಟು, ಉತ್ತರ ಬರೆಯಲೆಂದೇ ಕತ್ತರಿಸಿದ್ದರು. ಆಮೇಲೆ ಯಾವಾಗಲೋ ತುಂಡನ್ನು ತಿರುಗಿಸಿ, ಆ ಬದಿಯಲ್ಲಿ ಅಂಗಡಿಯವರ ಪ್ರಶ್ನೆ ಕಂಡು, ಅದನ್ನು ಮೇಲೆ ಮಾಡಿ ಅಂಟಿಸಿದ್ದರು.

ನಾನು ಏನೋ ಹೇಳಹೊರಟೆ. ಎರಡು ದಿನ ಬಿಟ್ಟು ಕೈಗೆತ್ತಿಕೊಂಡಿರಬಹುದು, ಮರೆತಿರಬಹುದು, ಕೆಲಸದ ಗಡಿಬಿಡಿ ಎಂದೆಲ್ಲ. ಅತ್ತೆ ಕೈ ಎತ್ತಿ ತಡೆದರು.

"ಉತ್ತರ ಅಪ್ಪ ಅಂತ ಇದ್ದಿದ್ರೆ ಎರಡಕ್ಷರ ಬರೆಯೋಕೆ ಎಷ್ಟು ಹೊತ್ತು ಬೇಕಿತ್ತು?"

ಸೊಸೆ ಒಂದು ಲೋಟ ನೀರು ಕೊಟ್ಟರು. ಅತ್ತೆ ಕುಡಿದು, ಲೋಟ ಕೆಳಗಿಟ್ಟು, ಅಂಟು ಇದೆಯೇ ಎಂದು ಕೇಳಿದರು. ಅಂಗಡಿಯಲ್ಲಿ ಲೇಬಲ್ಲು ಹಚ್ಚುವ ಅಂಟಿತ್ತು. ಸೊಸೆ ಅದನ್ನು ತಂದು, ಅಳುಕುತ್ತಲೇ, ಯಾವ ಮಗ್ಗುಲು ಮೇಲೆ ಬರಬೇಕಮ್ಮ ಎಂದರು.

"ನಿಮ್ಮ ಮಾವನವರದೇ. ಉತ್ತರ ಬರೆದಿರೋದು ಅವರಿಗೆ."

ಅಂಟು ಹಚ್ಚುವ ಮುಂಚೆ ನಾನು ತುಂಡಿನ ಎರಡೂ ಮಗ್ಗುಲಿನ ಫೋಟೋ ತೆಗೆದುಕೊಂಡೆ, ಪಟ್ಟಿಗೆ ಬೇಕಿತ್ತು. ತೆಗೆಯಲೇ ಎಂದು ಕೇಳಿದ್ದಕ್ಕೆ ಅತ್ತೆ, ತೆಗಿ, ಆದರೆ ನನ್ನ ಮಗ್ಗುಲಿಗೆ ಬೆನ್ನು ಅಂತ ಬರೆಯಬೇಡ ಎಂದರು. ತುಂಡು ಮತ್ತೆ ತನ್ನ ಜಾಗಕ್ಕೆ ಕೂತಿತು. ಗಾಜು ಮುಚ್ಚಿತು. ಹೊರಡುವಾಗ ಸೊಸೆ ಅತ್ತೆಗೆ ಮಂಡಿನೋವಿನ ಮುಲಾಮು ಕೊಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ. ಇದು ಕೆಲಸ ಮಾಡತ್ತಾ ಎಂದು ಅತ್ತೆ ಕೇಳಿದರು. ಸೊಸೆ ಗೋಡೆಯ ಕಡೆ ನೋಡಿ, ನಿಜ ಹೇಳಬೇಕಂದ್ರೆ ಅಷ್ಟಕ್ಕಷ್ಟೇ ಎಂದರು. ಇಬ್ಬರೂ ನಕ್ಕರು.

ಬಸ್ಸಿನಲ್ಲಿ ಅತ್ತೆ ನಿದ್ದೆ ಮಾಡಲಿಲ್ಲ. ತಾವು ಕಲಿಯುತ್ತಿದ್ದ ಗಣಿತದ ಬಗ್ಗೆ, ಪಾಠ ಹೇಳುತ್ತಿದ್ದವರ ಬಗ್ಗೆ, ಬಿಡಿಸಲು ಕೊಟ್ಟಿದ್ದ ಒಂದು ಲೆಕ್ಕದ ಬಗ್ಗೆ ದಾರಿಯುದ್ದಕ್ಕೂ ಹೇಳಿದರು. ನನಗೆ ಅರ್ಧ ಅರ್ಥವಾಯಿತು, ಆದರೂ ಆಮೇಲೆ ಏನಾಯಿತು ಎಂದು ಕೇಳುತ್ತಲೇ ಇದ್ದೆ. ಫ್ಲ್ಯಾಟಿನ ಗೆಳತಿ ಅದೇ ಕಾಲೇಜಿನವಳೆಂದು ಆಗ ಗೊತ್ತಾಯಿತು.

ಮರುದಿನ ಬೆಳಿಗ್ಗೆ ವಕೀಲರು ಬಂದರು. ಉತ್ತರ ಸಿಕ್ಕಿತೇ ಅತ್ತೆ ಎಂದು ಕೇಳಿದರು. ಅತ್ತೆ ಸಹಿ ಹಾಕುತ್ತ, ನಿನ್ನ ದೊಡ್ಡಪ್ಪ ಬರೆಯಲಿಲ್ಲ ಕಣೋ ಪುಟ್ಟ ಎಂದರು. ನಾನು ಪಟ್ಟಿಯಲ್ಲಿ ಆ ಹಾಳೆಗೆ ಎರಡು ಸಂಖ್ಯೆ ಕೊಟ್ಟೆ. ಒಂದು ಔಷಧಿ ಅಂಗಡಿಯವರ ಪತ್ರ, ಉತ್ತರ ಕಳಿಸಿದೆ. ಇನ್ನೊಂದು ತಂಗಿಯ ಪತ್ರ, ಉತ್ತರವಿಲ್ಲ.

ಅಣ್ಣ ತಂಗಿಗೆ ಕೊಟ್ಟ ಮಾತು ನಡೆಸಲಿಲ್ಲ.